ಕಟಿಂಗ್ ಶಾಪಿನ ಇಂಗ್ಲಿಷ್ ಪೇಪರು

ರವೀಂದ್ರ ಆ ದಿನವೂ ಸುಳ್ಳು ಓದಿದ.

"ಉತ್ತರದ ಕಡೆ ದೊಡ್ಡದೊಂದು ಸೇತುವೆ ಉದ್ಘಾಟನೆ ಆಗಿದೆ. ಜನ ಬಹಳ ಸಂತೋಷದಲ್ಲಿದ್ದಾರೆ," ಎಂದು ಕಿಕ್ಕೇರಿಯ ಕುಳ್ಳಯ್ಯನ ಕಟಿಂಗ್ ಶಾಪಿನ ಬೆಂಚಿನ ಮೇಲೆ ಕೂತು ಗಂಭೀರವಾಗಿ ಹೇಳಿದ. ಪೇಪರಿನಲ್ಲಿ ಸೇತುವೆಯ ಮಸುಕು ಚಿತ್ರವೇನೋ ಇತ್ತು. ಅದರ ಕೆಳಗಿನ ಇಂಗ್ಲಿಷು ಅವನ ತಲೆಗೆ ಅರ್ಧವೂ ಹತ್ತಿರಲಿಲ್ಲ.

"ಸಂತೋಷವಾಗವ್ರಾ?" ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದ ಚೌಡಯ್ಯ ಕನ್ನಡಿಯಲ್ಲೇ ಅವನನ್ನು ನೋಡಿದ. "ಇನ್ನೊಂದ್ಸಲ ಓದ್ಲಾ. ಸರ್ಯಾಗ್ ನೋಡು."

ರವೀಂದ್ರ ಮತ್ತೆ ಓದಿದ. ಈ ಸಲ ಗೊತ್ತಿರುವ ಪದವೊಂದು ಕಣ್ಣಿಗೆ ಬಿತ್ತು. "ಅಲ್ಲ ತಾತ, ಸೇತುವೆ ಕುಸಿದಿದೆ," ಎಂದು ತಿದ್ದಿಕೊಂಡ. ಚೌಡಯ್ಯ ತೃಪ್ತಿಯಿಂದ ಕಣ್ಣು ಮುಚ್ಚಿದ. ಎ ಬಿ ಸಿ ಡಿ ಬಾರದ ಮುದುಕನಿಗೆ ಅನುಮಾನ ಮಾತ್ರ ಬೆಟ್ಟದಷ್ಟು ಎಂದು ರವೀಂದ್ರ ಒಳಗೊಳಗೇ ಗೊಣಗಿಕೊಂಡ.

ಬ್ಯಾಂಕ್ ಪರೀಕ್ಷೆಯಲ್ಲಿ ಅವನು ಎರಡು ಸಲ ಇಂಗ್ಲಿಷಿನಲ್ಲೇ ಮುಗ್ಗರಿಸಿದ್ದ. ವ್ಯಾಕರಣವನ್ನು ಹೇಗೋ ಉರು ಹೊಡೆಯುತ್ತಿದ್ದ. ಒಂದು ಪುಟ ಕೊಟ್ಟು ಇದರ ಅರ್ಥ ಹೇಳು ಎಂದರೆ ಮಾತ್ರ ಬೆವರುತ್ತಿದ್ದ. ಕೆ.ಆರ್. ಪೇಟೆಯ ಟ್ಯುಟೋರಿಯಲ್ ಮೇಷ್ಟ್ರು ಅದಕ್ಕೊಂದು ಮದ್ದು ಹೇಳಿದ್ದರು. ದಿನಾ ಇಂಗ್ಲಿಷ್ ಪೇಪರ್ ಓದು, ಓದಿದ್ದನ್ನು ನಾಲ್ಕು ಜನರಿಗೆ ಕನ್ನಡದಲ್ಲಿ ಹೇಳು.

ನಾಲ್ಕು ಜನ ಸಿಗುವುದು ಕಟಿಂಗ್ ಶಾಪಿನಲ್ಲಿ. ಕುಳ್ಳಯ್ಯ ಖುಷಿಯಿಂದಲೇ ಒಪ್ಪಿದ್ದ. "ಇನ್ ನಾನು ಪೇಪರ್ ತರ್ಸೋದೇ ಬುಟ್ಬುಡ್ತೀನಿ ಕಣ್ಲಾ. ನೀನೇ ನಮ್ ಪೇಪರು."

ಹೀಗೆ ಶುರುವಾಯಿತು. ಅರ್ಥವಾಗದ ಕಡೆ ರವೀಂದ್ರ ತನ್ನ ಕೈಯಿಂದ ಸೇರಿಸುತ್ತಿದ್ದ. ಇವರಿಗೇನು ಗೊತ್ತಾಗುತ್ತೆ ಎಂದು ಮೊದಮೊದಲು ನಗುವೇ ಬರುತ್ತಿತ್ತು. ಆಮೇಲೆ ನಾಚಿಕೆಯಾಗತೊಡಗಿತು. ಅದಕ್ಕೆ ಕಾರಣ ಬೆಟ್ಟಮ್ಮ.

ಬೆಟ್ಟಮ್ಮನ ಒಬ್ಬನೇ ಮಗ ಶಿವಶಂಕರ್ ಅಪ್ಪನ ಜೊತೆ ಜಗಳವಾಡಿ ಬೊಂಬಾಯಿಗೆ ಹೋಗಿದ್ದ. ಬಂದರಿನ ಹತ್ತಿರ ಹತ್ತಿ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ ಎಂದು ಯಾರೋ ನೋಡಿ ಬಂದವರು ಹೇಳಿದ್ದೇ ಕೊನೆ. ಒಂದು ಕಾಗದವಿಲ್ಲ. ಬೆಟ್ಟಮ್ಮ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು, ಶಾಪಿನ ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಬೊಂಬಾಯಿದೇನಾರ ಬಂದದಾ ಮಗ?"

"ಬೊಂಬಾಯಿ ತಣ್ಣಗಿದೆ ದೊಡ್ಡವ್ವ," ಎನ್ನುತ್ತಿದ್ದ ರವೀಂದ್ರ. ಎಷ್ಟೋ ದಿನ ನೋಡುತ್ತಲೂ ಇರಲಿಲ್ಲ. ಅವಳು "ಅಷ್ಟು ಸಾಕು ಕಣಪ್ಪ" ಎಂದು ಹೋಗಿಬಿಡುತ್ತಿದ್ದಳು. ಹಾಗೆ ಅವಳು ನಂಬಿ ಹೋದ ಮೇಲೆ ಅವನು ಮನೆಯಲ್ಲಿ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಆಷಾಢದ ಒಂದು ಬೆಳಿಗ್ಗೆ ಅವನು ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಕೊಂಡು ಬಂದಾಗ ಕುಳ್ಳಯ್ಯ ಗಿರಾಕಿಯಿಲ್ಲದೆ ಕತ್ತಿ ಮಸೆಯುತ್ತಿದ್ದ. ಚೌಡಯ್ಯ ಕ್ಷೌರದ ಕುರ್ಚಿ ಬಿಟ್ಟು ಮೂಲೆಯಲ್ಲಿ ಕೂತಿದ್ದ. ಬೆಟ್ಟಮ್ಮ ಆಗಲೇ ಬಂದು ಮೆಟ್ಟಿಲ ಮೇಲಿದ್ದಳು. ಕೈಯಲ್ಲಿ ಕ್ಯಾನು ಇರಲಿಲ್ಲ.

ರವೀಂದ್ರ ಪೇಪರ್ ಬಿಡಿಸಿದ. ಮೊದಲ ಪುಟದಲ್ಲೇ ಇತ್ತು. ಬೊಂಬಾಯಿ. ಬಂದರಿನ ಹತ್ತಿ ಗೋದಾಮು. ಬೆಂಕಿ. ಹಲವು ಕೆಲಸಗಾರರ ಸಾವು. ಒಂದು ಪದಕ್ಕೂ ಡಿಕ್ಷನರಿ ಬೇಕಾಗಲಿಲ್ಲ. ಜೀವನದಲ್ಲೇ ಮೊದಲ ಸಲ ಇಂಗ್ಲಿಷು ಒಂದೇ ಓದಿಗೆ ಪೂರ್ತಿ ಅರ್ಥವಾಗಿತ್ತು, ಯಾಕಾದರೂ ಅರ್ಥವಾಯಿತೋ ಅನ್ನಿಸಿತು. ಮುಂದಿನ ಸಾಲಿಗೆ ಕಣ್ಣು ಹೋಗಲಿಲ್ಲ.

"ಏನಂತೆ ಮಗ, ಬೊಂಬಾಯಿ?"

"ಏನೂ ಇಲ್ಲ ದೊಡ್ಡವ್ವ."

"ಎಲ್ಲಾ ಕಡೆ ನೋಡಿದ್ಯಾ?"

"ನೋಡ್ದೆ. ಬೊಂಬಾಯಿದು ಏನೂ ಬಂದಿಲ್ಲ."

"ಇನ್ನೊಂದ್ಸಲ ಓದ್ಲಾ," ಎಂದ ಚೌಡಯ್ಯ. ಅವನ ದನಿ ಎಂದಿನಂತಿರಲಿಲ್ಲ.

ರವೀಂದ್ರನಿಗೆ ರೇಗಿತು. "ಇಲ್ಲ ಅಂದ್ನಲ್ಲ ತಾತ," ಎಂದು ಪೇಪರನ್ನು ಮಡಿಸಿ ತೊಡೆಯ ಕೆಳಗೆ ಹಾಕಿಕೊಂಡ.

ಬೆಟ್ಟಮ್ಮ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಂಗಾರೆ ಆಯ್ತು ಬುಡು," ಎಂದು ಎದ್ದಳು. ಗೋಡೆ ಹಿಡಿದುಕೊಂಡೇ ಬೀದಿಯ ತಿರುವು ದಾಟಿದಳು.

ರವೀಂದ್ರ ಇಷ್ಟು ದಿನ ತಿಳಿಯದೆ ಸುಳ್ಳು ಹೇಳಿದ್ದ, ಇವತ್ತು ತಿಳಿದೂ ಹೇಳಿದ್ದ. ಯಾವುದು ದೊಡ್ಡ ಪಾಪ ಎಂದು ಅವನಿಗೇ ಗೊತ್ತಾಗಲಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಅಣ್ಣ, ನಾನು ಸುಳ್ಳು ಹೇಳ್ದೆ," ಎಂದ ತಲೆ ಎತ್ತದೆ. "ಇವತ್ತು ಮಾತ್ರ ಅಲ್ಲ, ದಿನಾ ಹೇಳಿವ್ನಿ. ನಿಮ್ಗೆ ಏನೂ ಗೊತ್ತಾಗಲ್ಲ ಅಂದ್ಕೊಂಡು ಬಾಯಿಗೆ ಬಂದಿದ್ದು ಓದಿವ್ನಿ. ಇವತ್ತು ಆ ಗೋದಾಮಿಗೆ ಬೆಂಕಿ ಬಿದ್ದದೆ ಅಂತ ಹಾಕವ್ರೆ. ಅದ್ನ ದೊಡ್ಡವ್ವಂಗೆ ಎಂಗ್ ಹೇಳ್ಲಿ?"

ಕುಳ್ಳಯ್ಯ ಕತ್ತಿ ಕೆಳಗಿಟ್ಟ. ಕನ್ನಡಿಯ ಹಿಂದೆ ಕೈ ಹಾಕಿ ಕನ್ನಡ ಪೇಪರು ತೆಗೆದ. ಅದು ಆವತ್ತಿನದೇ.

"ಇದು ಮೊದಲನೇ ಬಸ್ಸಿಗೇ ಬತ್ತದೆ ಕಣ್ಲಾ. ದಿನಾ ಇದನ್ನ ಓದ್ಕೊಂಡೇ ನಾವು ನಿನ್ ಮುಂದೆ ಕೂರೋದು. ನೀನು ತಪ್ಪು ಹೇಳಿದ್ರೆ ಚೌಡಯ್ಯ ಇನ್ನೊಂದ್ಸಲ ಓದು ಅಂತಾನೆ. ನೀನು ಪಾಸಾಗ್ಲಿ ಅಂತ."

ರವೀಂದ್ರನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಅಂದ್ರೆ ದೊಡ್ಡವ್ವಂಗೆ..."

"ಬೆಳಗ್ಗೇನೆ ಗೊತ್ತು. ನಾನೇ ಓದಿ ಹೇಳ್ದೆ. ಇದ್ರಲ್ಲಿ ನಾಕೇ ಸಾಲು ಹಾಕವ್ರೆ, ಯಾರ ಹೆಸರೂ ಇಲ್ಲ. ನಿನ್ ಪೇಪರ್ನಲ್ಲಾದ್ರೂ ಇರ್ತದೇನೋ ಅಂತ ಅವಮ್ಮ ಕಾಯ್ಕೊಂಡು ಕೂತಿದ್ದು."

ರವೀಂದ್ರ ತೊಡೆಯ ಕೆಳಗಿನ ಪೇಪರನ್ನು ಎಳೆದು ಬಿಡಿಸಿದ. ಅವನು ಓದು ನಿಲ್ಲಿಸಿದ್ದ ಸಾಲಿನ ಕೆಳಗೇ ಇತ್ತು: ಬೆಂಕಿ ಹತ್ತಿದ್ದು ಹೇಗೆಂದು ವರದಿಗಾರನಿಗೆ ವಿವರಿಸಿದ್ದವನು, ಕಿಟಕಿಯಿಂದ ಹಾರಿ ಬದುಕಿಕೊಂಡಿದ್ದ ಕಿಕ್ಕೇರಿಯ ಶಿವಶಂಕರ್.