ಬೆನ್ನ ಹಿಂದಿನ ಎಡಗೈ

“ಮೊದಲು ಭಂತೇಗೆ ಚುಚ್ಚು. ಆಮೇಲೆ ನನ್ನ ವಿಷಯ,” ಎಂದು ಕಾಂಪೂನ್ ತಾತ ಕುರ್ಚಿಯಿಂದ ಎದ್ದುಬಿಟ್ಟ. ವಿಹಾರದ ಹಜಾರದಲ್ಲಿ ಸರದಿಗೆ ಕೂತಿದ್ದ ಮೂವತ್ತು ಜನರೂ ಅವನ ಹಿಂದೆಯೇ ಏಳುವಂತಿದ್ದರು. ಮೆಕಾಂಗ್ ದಂಡೆಯ ಪಕ್ಕದೂರಲ್ಲಿ ಆ ವಾರ ಕೋವಿಡ್‌ನಿಂದ ನಾಲ್ವರು ಹೋಗಿದ್ದರು. ಆದರೆ ಇವರ ಫೋನುಗಳಲ್ಲಿ ಲಸಿಕೆಯಿಂದ ಸತ್ತವರದೇ ಸುದ್ದಿ.

ನರ್ಸ್ ಬುಪ್ಪಾ ಕೈಯಲ್ಲಿದ್ದ ಸಿರಿಂಜ್ ಕೆಳಗಿಡಲಿಲ್ಲ. ಸೀಸೆ ತೆರೆದಾಗಿತ್ತು. ಸಂಜೆಯೊಳಗೆ ಮುಗಿಯದಿದ್ದರೆ ಚೆಲ್ಲಬೇಕು.

“ಕೊರಳಲ್ಲಿ ಮೂರು ತಾಯತ ಇವೆ ನಂಗೆ. ಒಂದು ಭಂತೇನೇ ಮಂತ್ರಿಸಿ ಕೊಟ್ಟದ್ದು,” ಎಂದ ತಾತ.

“ಅದಿದ್ದೂ ಹಾವಿಗೆ ಹೆದರಿ ಬೂಟು ಹಾಕ್ಕೊಂಡೇ ಗದ್ದೆಗೆ ಇಳೀತೀಯಲ್ಲ ತಾತ,” ಎಂದರು ವೇದಿಕೆಯ ಮೇಲೆ ಕೂತಿದ್ದ ವಿಹಾರದ ಭಿಕ್ಷು, ಊರವರ ಭಂತೇ. ಯಾರೋ ನಕ್ಕರು. “ಆಗಲಿ, ನನಗೇ ಮೊದಲು ಹಾಕಿ.”

ನಗು ನಿಂತಿತು. ಭಂತೇಗೆ ಚುಚ್ಚಬೇಕಿದ್ದ ಗಂಡಸು, ಆರೋಗ್ಯ ಕೇಂದ್ರದ ಸೋಂಪೋಂಗ್, ಜ್ವರ ಬಂದು ಮಲಗಿದ್ದ. ಭಿಕ್ಷುವನ್ನು ಹೆಂಗಸು ಮುಟ್ಟುವಂತಿಲ್ಲ, ಹೆತ್ತವಳೂ ಮುಟ್ಟುವಂತಿಲ್ಲ. ಬುಪ್ಪಾ ಈ ಭಂತೇಯನ್ನು ಹೆತ್ತವಳು. ಹನ್ನೊಂದು ವರ್ಷದ ಹಿಂದೆ, ದೀಕ್ಷೆಯ ದಿನ, ಮಗನ ತಲೆಗೂದಲಿನ ಮೊದಲ ಎಳೆ ಕತ್ತರಿಸಿದ್ದೇ ಕೊನೆ.

“ಭಂತೇ, ನಿಮ್ಮ ವ್ರತ...”

“ಸೂಜಿ ಮುಟ್ಟಬಹುದಲ್ಲ, ಅಮ್ಮ.”

ಬುಪ್ಪಾ ಮೂರು ಸಲ ನೆಲಕ್ಕೆ ಹಣೆ ಹಚ್ಚಿ ಎದ್ದಳು. ಹೆಂಗಸರ ಕಾಣಿಕೆ ಸ್ವೀಕರಿಸಲು ಭಂತೇ ಹಾಸುವ ಬಟ್ಟೆಯ ಮೇಲೆ ಸ್ಪಿರಿಟ್ ಹತ್ತಿ ಇಟ್ಟಳು. ಕಾವಿ ಮುಚ್ಚದ ಬಲತೋಳನ್ನು ಅವರೇ ಒರೆಸಿಕೊಂಡರು. ಮೂವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಚುಚ್ಚಿದವಳು, ಎಡಗೈಯಲ್ಲಿ ತೋಳು ಹಿಡಿಯದೆ ಎಂದೂ ಚುಚ್ಚಿದವಳಲ್ಲ. ಈಗ ಆ ಕೈಯನ್ನು ಬೆನ್ನ ಹಿಂದೆ ಮಡಚಿ, ತನ್ನ ಅಂಗಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಸೂಜಿ ಇಳಿಯಿತು, ಹೊರಗೆ ಬಂತು. ತೋಳು ಕದಲಲಿಲ್ಲ. ಒಂದು ಹನಿ ರಕ್ತ ಮೂಡಿತು. ಅದನ್ನು ಅವರೇ ಒತ್ತಿಕೊಂಡರು.

ಕಾಂಪೂನ್ ತಾತ ಬಂದು ಕುರ್ಚಿಯಲ್ಲಿ ಕೂತ, ಅಂಗಿಯ ತೋಳು ಮೇಲಕ್ಕೇರಿಸಿದ.

“ಸೂಜಿ ಕಂಡ್ರೆ ಹುಣಸೆಮರ ಹತ್ತಿ ಕೂರ್ತಿದ್ದ ಹುಡುಗ ಇವನೇ ಅಲ್ವೇನೇ ಬುಪ್ಪಾ?” ಎಂದ, ಮೆಲ್ಲಗೆ.

“ಆ ಹುಡುಗ ನನ್ನ ಮಗ,” ಎಂದಳು ಬುಪ್ಪಾ. ಬೆನ್ನು ನೆಟ್ಟಗಿತ್ತು. “ಇವರು ನಮ್ಮ ಭಂತೇ. ತೋಳು ಸಡಿಲ ಬಿಡು.”

ಎಡಗೈ ತಾತನ ತೋಳನ್ನು ಹಿಡಿಯಿತು. ಚುಚ್ಚಿದ್ದಾಯಿತು, ಹತ್ತಿ ಒತ್ತಿದ್ದೂ ಆಯಿತು.

“ಆಯ್ತಲ್ಲಮ್ಮ, ಬಿಡು. ಹಿಂದೆ ಜನ ನಿಂತಿದ್ದಾರೆ,” ಎಂದ ತಾತ.

ಕೈ ಇನ್ನೂ ಅಲ್ಲೇ ಇತ್ತು.