ಭಾನುವಾರದ ಕೇಸರಿಬಾತ್

ಪ್ರತಿ ಭಾನುವಾರವೂ ಶೇಷಗಿರಿಯ ಮನೆಯ ಕಂಪ್ಯೂಟರ್ ಶುರುವಾಗದೆ ಬೀಪ್ ಬೀಪ್ ಎಂದು ಬಡಿದುಕೊಳ್ಳುತ್ತಿತ್ತು. ಹೆಂಡತಿ ರಿಪೇರಿಗೆ ಉಮಾಪತಿಯನ್ನೇ ಕರೆಸುತ್ತಿದ್ದಳು. ಗಂಡನ ತಂಗಿಯ ಕೈಯಲ್ಲಿ ಕೇಸರಿಬಾತ್ ಮಾಡಿಸಿ ಅವನಿಗೆ ಕೊಡುವಾಗ ಶೇಷಗಿರಿಯ ಹೊಟ್ಟೆಗೆ ಕಿಚ್ಚು ಬೀಳುತ್ತಿತ್ತು.

ಈ ವಾರ ಬಾಗಿಲ ಮರೆಯಲ್ಲಿ ನಿಂತು ನೋಡಿದ. ಕಂಪ್ಯೂಟರಿನ ಮುಚ್ಚಳ ತೆಗೆದು ಒಳಗಿನ ರ‍್ಯಾಮ್ ಸಡಿಲ ಮಾಡುತ್ತಿದ್ದವಳು ಹೆಂಡತಿಯೇ!

ಅವಳು ಅತ್ತ ಹೋದದ್ದೇ ತಡ, ಅದನ್ನು ಒತ್ತಿ ಕೂರಿಸಿದ. ಕಂಪ್ಯೂಟರ್ ಶುರುವಾಯಿತು. ಕೂಡಲೇ ಉಮಾಪತಿಗೆ ಫೋನ್ ಮಾಡಿದ.

"ಇನ್ನು ನಮ್ಮನೆ ಕಡೆ ತಲೆ ಹಾಕ್ಬೇಡ ಅಂತ ಅವನಿಗೆ ಹೇಳಿದೀನಿ ಕಣೇ," ಎಂದ ಹೆಂಡತಿಗೆ.

"ಅಯ್ಯೋ, ಏನ್ರೀ ಮಾಡ್ಬಿಟ್ರಿ!"

ಅಷ್ಟರಲ್ಲಿ ಮೂವತ್ತೈದು ದಾಟಿದರೂ ಮದುವೆಯಾಗದಿದ್ದ ಅವನ ತಂಗಿ ಹೊಸ ಸೀರೆಯುಟ್ಟು ಒಳಗಿನಿಂದ ಬಂದಳು. "ಅತ್ತಿಗೆ, ಇವತ್ತು ಅವರಮ್ಮನೂ ಬರ್ತಾರೆ ಅಂದ್ರಲ್ಲ, ಈ ಸೀರೆ ಆಗುತ್ತಾ?"