ಎಲಚಿ ಎರೆಯುವವರು

ಕಂಪ್ಯೂಟರ್ ಆಟದೊಳಗಿನ ಆ ಊರಿನಲ್ಲಿ ಹಬ್ಬಕ್ಕೊಮ್ಮೆ ಯಾರು ಬೇಕಾದರೂ ತಮ್ಮ ವಯಸ್ಸು ಬದಲಿಸಿಕೊಳ್ಳಬಹುದಿತ್ತು; ಮತ್ತೆ ಬದಲಿಸಲು ಮುಂದಿನ ಹಬ್ಬವೇ ಬರಬೇಕು. ಸಂಕ್ರಾಂತಿಯಂದು ಎಲಚಿ ಹಣ್ಣು ಎರೆಸಿಕೊಳ್ಳುವ ಭಾಗ್ಯ ಪುಟ್ಟ ಮಕ್ಕಳ ತಲೆಗೆ ಮಾತ್ರ. ಎರೆಯುವ ಕೈ ಹಿರಿಯರದೇ ಆಗಬೇಕು.

ಒಂಟಿ ಮುದುಕಿ ಅಂಬುಜಮ್ಮ ಆರು ವರ್ಷ ಬಟ್ಟಲಿಗೆ ಎಲಚಿ, ಕಬ್ಬಿನ ತುಂಡು ತುಂಬಿಟ್ಟು ಮಗುವೊಂದು ಬರಲೆಂದು ಕಾದಿದ್ದಳು. ಒಂದೂ ಬರಲಿಲ್ಲ. ಈ ಸಲ ಹಟಕ್ಕೆ ಬಿದ್ದು ತಾನೇ ಮೂರು ವರ್ಷದವಳಾಗಿ ಮಣೆಯ ಮೇಲೆ ಕೂತಳು. ಎದುರುಮನೆಯಲ್ಲಿ ತನ್ನಂತೆಯೇ ಒಂಟಿಯಾಗಿರುವ ಮುದುಕಿ ಶೇಷಮ್ಮ ಬಂದು ಎರೆಯದೆ ಇರುತ್ತಾಳೆಯೇ!

ಬಾಗಿಲು ತಳ್ಳಿಕೊಂಡು ಬಂದದ್ದು ಜರಿಲಂಗದ ಪುಟ್ಟ ಹುಡುಗಿ. ಕೈಯಲ್ಲಿ ಶೇಷಮ್ಮನ ಹಿತ್ತಾಳೆ ಬಟ್ಟಲು.

"ಅಂಬುಜಮ್ಮಾ, ನಂಗೊಂಚೂರು ಎರೀತೀರಾ?" ಎಂದವಳು ಮಣೆಯತ್ತ ನೋಡಿ ನಿಂತುಬಿಟ್ಟಳು. "ಅಯ್ಯೋ, ನೀವೂನಾ?"

ಅಂಬುಜಮ್ಮ ಸರಿದು ಜಾಗ ಕೊಟ್ಟಳು. ದೀಪ ಹಚ್ಚುವ ಹೊತ್ತು ಮೀರಿದರೂ ಇಬ್ಬರೂ ತಲೆ ತಗ್ಗಿಸಿಕೊಂಡು ಕೂತೇ ಇದ್ದರು, ಯಾರಾದರೂ ದೊಡ್ಡವರು ಬಂದಾರೆಂದು.